ಮಿಲ್ಟ್ರಿ ಮಾವನ ಜೊತೆ ನಾಲ್ಕು ದಿನ: ತಾಳವಾಡಿ, ಕೂನೂರು, ಊಟಿ, ಮಧ್ಯದಲ್ಲಿ ಒಂಚೂರು ಅಲಾಸ್ಕ

ಊಟಿ ಅಂದ್ರೆ ನಮ್ ಮೈಸೂರು ಕಡೆಯವ್ರಿಗೆ ಹೊಸದೇನಲ್ಲ. ಸ್ಕೂಲ್ ಟ್ರಿಪ್ಪಲ್ಲಿ ಒಂದ್ಸಲ, ಮದ್ವೆ ಆದ್ಮೇಲೆ ಒಂದ್ಸಲ, ಮಕ್ಕಳು ಹಠ ಮಾಡಿದ್ರೆ ಇನ್ನೊಂದ್ಸಲ. ಈ ಸಲ ಕೂತು ಬರೀತಿರೋದು ಊಟಿಗೋಸ್ಕರ ಅಲ್ಲ, ಕಾರಿನ ಮುಂದಿನ ಸೀಟಲ್ಲಿ ಕೂತು ನಾಲ್ಕು ದಿನ ನಮ್ಮನ್ನ ಬೈಕೊಂಡೇ ಕರ್ಕೊಂಡ್ ಹೋದ ಒಬ್ಬ ಮನುಷ್ಯನಿಗೋಸ್ಕರ.

ದಿನ 1: ತಾಳವಾಡಿ

ಸಂಕ್ರಾಂತಿ ಮುಗಿದು ಎರಡು ದಿನಕ್ಕೆ ಹೊರಟ್ವಿ. ಹಬ್ಬದ ರಜೆಯಲ್ಲೇ ಹೋಗ್ಬಿಟ್ರೆ ಊಟಿ ರೋಡಲ್ಲಿ ಕಾರಲ್ಲ, ಕಾರಿನ ಮೇಲೆ ಕಾರು, ಅದಕ್ಕೇ ಕಾದ್ವಿ. ಗೆಳೆಯನ ಹಳೇ ಮಾರುತಿ, ಕೆಎ 10 ನಂಬರ್. ಮೊದಲ ದಿನ ಬರೀ ಚಾಮರಾಜನಗರ ದಾಟಿ ತಾಳವಾಡಿ ಹತ್ರ ಅವನ ಸೋದರಮಾವನ ಊರಲ್ಲಿ ಉಳ್ಕೊಳ್ಳೋದು ಅಷ್ಟೇ ಪ್ಲಾನು.

ತಾಳವಾಡಿ ಗೊತ್ತಿಲ್ದೋರಿಗೆ ಹೇಳ್ಬೇಕು. ಅದು ತಮಿಳುನಾಡಿನ ಈರೋಡ್ ಜಿಲ್ಲೆ, ಆದ್ರೆ ಜಿಲ್ಲಾ ಕೇಂದ್ರಕ್ಕೆ ಹೋಗ್ಬೇಕು ಅಂದ್ರೆ ಕಾಡು ದಾಟಿ ಘಾಟಿ ಇಳೀಬೇಕು, ಚಾಮರಾಜನಗರ ಮಾತ್ರ ಇಲ್ಲೇ ಪಕ್ಕದ ಮನೆ ಥರ. ಬೋರ್ಡೆಲ್ಲ ತಮಿಳು, ಬಾಯೆಲ್ಲ ಕನ್ನಡ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇಲ್ಲೇ, 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವ್ರನ್ನ ಕರ್ಕೊಂಡ್ ಹೋಗಿದ್ದೂ ಇಲ್ಲಿಂದ್ಲೇ. ಆ 108 ದಿನ ನಾವು ಸ್ಕೂಲಿಗೆ ಎಷ್ಟು ದಿನ ರಜಾ ಅಂತ ಲೆಕ್ಕ ಹಾಕಿದ್ದು ನೆನಪಿದೆ. ದೀಪಾವಳಿ ಆದ್ಮೇಲೆ ಸಗಣಿ ಎರಚಾಡೋ ಗುಮಟಾಪುರದ ಗೊರೆ ಹಬ್ಬನೂ ಈ ತಾಲೂಕಿಂದೇ.

ಮಾವನ್ನ ಊರವ್ರೆಲ್ಲ ಕರೆಯೋದೇ ಮಿಲ್ಟ್ರಿ ಮಾವ ಅಂತ. ಮದ್ರಾಸ್ ರೆಜಿಮೆಂಟಲ್ಲಿ 24 ವರ್ಷ ಇದ್ದು ಹವಾಲ್ದಾರ್ ಆಗಿ ರಿಟೈರ್ ಆದವ್ರು, ಈಗ ಅರಿಶಿನ, ಆಲೂಗಡ್ಡೆ, ಎರಡು ಹಸು. "ಹೆಸ್ರೂ ಬೇಡ, ಪಲ್ಟನ್ ನಂಬರೂ ಬೇಡ, ಮಿಕ್ಕಿದ್ದು ಏನ್ ಬೇಕಾದ್ರೂ ಬರ್ಕೊ" ಅಂತ ಹೇಳಿದ್ರಿಂದ ನಾನೂ ಮಿಲ್ಟ್ರಿ ಮಾವ ಅಂತಲೇ ಬರೀತೀನಿ. ಅವ್ರಿಗೆ ಕೂನೂರು ಪಕ್ಕದ ವೆಲ್ಲಿಂಗ್ಟನ್ನಲ್ಲಿ ಮಿಲಿಟರಿ ಕ್ಯಾಂಟೀನ್ ಸಾಮಾನು ತರೋದಿತ್ತು, ನಮಗೆ ದಾರಿ ಗೊತ್ತಿರೋರು ಬೇಕಿತ್ತು.

ರಾತ್ರಿ ಅತ್ತೆ ಹಿತ್ಕಿದ್ ಬೇಳೆ ಸಾರು ಮಾಡಿದ್ರು, ಸೊಗಡಿನ ಅವರೆ, ಮುದ್ದೆ ಮೇಲೆ ತುಪ್ಪ, ಎರಡನೇ ಮುದ್ದೆ ಬೇಡ ಅನ್ನೋಕೆ ಬಾಯೇ ಬರ್ಲಿಲ್ಲ. ಊಟ ಆದ್ಮೇಲೆ ಅಂಗಳದಲ್ಲಿ ಒಣ ಕಡ್ಡಿ ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ವಿ. ನಾವಿಬ್ರೂ ಬೆಂಕಿ ತಬ್ಕೊಳ್ಳೋ ಹಾಗೆ ಕೂತಿದ್ರೆ ಮಾವ ಮಾತ್ರ ದೂರ ಜಗುಲಿ ಮೇಲೆ, ಬರೀ ಒಂದು ಸ್ವೆಟರಲ್ಲಿ.

"ಚಳಿ ಆಗಲ್ವಾ ಮಾವ?"

"ಆಯ್ತದೆ. ಆಗ್ಲಿ ಬುಡು. ಬೆಂಕಿ ಮುಂದೆ ಕೂತೋನು ಎದ್ದಾಗ ಎರಡರಷ್ಟು ಚಳಿ ಕನ ಮಗ."

ಮಾತು ಸಿಯಾಚಿನ್ ಕಡೆ ತಿರುಗುತ್ತೆ ಅಂದ್ಕೊಂಡಿದ್ದೆ, ಅದು ಅಲಾಸ್ಕಕ್ಕೆ ಹೋಯ್ತು. 2021ರ ಅಕ್ಟೋಬರ್ 15ರಿಂದ 29ರ ತನಕ ಅಲ್ಲಿ ನಮ್ಮ ಸೈನ್ಯಕ್ಕೂ ಅಮೆರಿಕದ ಸೈನ್ಯಕ್ಕೂ ಜಂಟಿ ಅಭ್ಯಾಸ, ಯುದ್ಧ ಅಭ್ಯಾಸ್ ಅಂತ ಅದರ ಹೆಸರು. 2004ರಿಂದ ಒಂದ್ಸಲ ಅವ್ರ ದೇಶ ಒಂದ್ಸಲ ನಮ್ ದೇಶ ಅಂತ ನಡ್ಕೊಂಡ್ ಬಂದಿರೋದು, ಅದು ಹದಿನೇಳನೇ ಸಲ. ನಮ್ ಕಡೆಯಿಂದ ಹೋದ 350 ಜನರಲ್ಲಿ ಮದ್ರಾಸ್ ರೆಜಿಮೆಂಟ್ ಹುಡುಗ್ರು, ಅದ್ರೊಳಗೆ ಈ ತಾಳವಾಡಿ ಮನುಷ್ಯ. ನಾನು ಪೇಪರಲ್ಲಿ ಒಂದು ಕಾಲಂ ಸುದ್ದಿ ಓದಿ ಪುಟ ತಿರುಗಿಸಿದ್ದೆ, ಅಷ್ಟೇ ನನ್ನ ಸಂಬಂಧ.

"ಅಲ್ಲಿ ಮೊದ್ಲು ಏನ್ ಕಲಿಸಿದ್ರು ಮಾವ, ಗನ್ನಾ?"

"ಗನ್ನು ನಮಗೂ ಗೊತ್ತು ಅವ್ರಿಗೂ ಗೊತ್ತು. ಮೊದ್ಲು ಕಾಲ್ಚೀಲ."

ನಗು ಬಂತು. ಅವ್ರು ನಗ್ಲಿಲ್ಲ.

ದಿನ 2: ದಿಂಬಂ ಇಳಿದು ಬರ್ಲಿಯಾರ್ ಹತ್ತಿ

ಬೆಳಗ್ಗೆ ಏಳಕ್ಕೆ ಬಿಟ್ವಿ. ಹಾಸನೂರು ಕಾಡಿನ ದಾರಿ ರಾತ್ರಿ ಹೊತ್ತು ಬಂದ್, ಹಂಗಾಗಿ ಈ ಕಡೆ ಬರೋರು ಬೆಳಕಿದ್ದಾಗಲೇ ಎರಡೂ ತುದಿ ದಾಟೋ ಹಾಗೆ ಲೆಕ್ಕ ಹಾಕ್ಕೊಂಡ್ರೆ ಒಳ್ಳೇದು. ಕಾರೆಪಾಳ್ಯದ ಚೆಕ್‌ಪೋಸ್ಟ್ ಹತ್ರ ಆನೆಗಳು ಕಬ್ಬಿನ ಲಾರಿ ಅಡ್ಡ ಹಾಕಿ ವಸೂಲಿ ಮಾಡ್ತವೆ ಅಂತ ಕೇಳಿದ್ದೆ, ನಿಜ, ಒಂದು ತಾಯಿ ಒಂದು ಮರಿ ರೋಡ್ ಪಕ್ಕದಲ್ಲೇ ನಿಂತಿದ್ವು. ಕಬ್ಬು ಇಲ್ದಿರೋ ನಮ್ ಮಾರುತಿ ಕಡೆ ಕಣ್ಣೆತ್ತೂ ನೋಡ್ಲಿಲ್ಲ.

ದಿಂಬಂ ಘಾಟಲ್ಲಿ 27 ಹೇರ್‌ಪಿನ್ ತಿರುವು. ಮೇಲಿನ ತಿರುವಲ್ಲಿ ನಿಂತ್ರೆ ಕೆಳಗೆ ಬಯಲು, ಬಿಸಿಲಲ್ಲಿ ಕರಗ್ತಿರೋ ಮಂಜು, ಮುಖಕ್ಕೆ ಹೊಡೆಯೋ ಗಾಳಿ. ಕೆಳಗೆ ಇಳೀತಾ ಇಳೀತಾ ಒಂದೊಂದೇ ಬಟ್ಟೆ ಬಿಚ್ಚಬೇಕಾಯ್ತು, ಬಣ್ಣಾರಿ ಅಮ್ಮನ ಗುಡಿ ಹತ್ರ ಬರೋ ಹೊತ್ತಿಗೆ ಬನಿಯನ್ನಿಗೆ ಬಂದಿದ್ವಿ. ಗುಡಿಯಲ್ಲಿ ಕನ್ನಡದವ್ರೇ ಅರ್ಧ. ಕೈ ಮುಗಿದು, ಸತ್ಯಮಂಗಲದಲ್ಲಿ ಪರೋಟ ಸಾಲ್ನಾ ತಿಂದ್ವಿ, ಸಾಲ್ನಾ ಎಷ್ಟು ಸಲ ಬೇಕಾದ್ರೂ ಹಾಕ್ತಾರೆ ಕೇಳೋಕೆ ನಾಚ್ಕೋಬೇಡಿ.

ಮೇಟುಪಾಳ್ಯಂ ದಾಟಿ ಕಲ್ಲಾರ್ ಚೆಕ್‌ಪೋಸ್ಟಲ್ಲಿ ಈ-ಪಾಸ್ ಕೇಳಿದ್ರು. 2024ರ ಮೇಯಿಂದ ನೀಲಗಿರಿಗೆ ಹೊರಗಿನ ಗಾಡಿ ಬರ್ಬೇಕಂದ್ರೆ ಈ-ಪಾಸ್ ಬೇಕು, ಫೋನಲ್ಲೇ ಐದು ನಿಮಿಷದ ಕೆಲಸ, ನಾವು ಮಾಡಿರ್ಲಿಲ್ಲ, ಅಲ್ಲೇ ನೆಟ್‌ವರ್ಕ್ ಹುಡುಕ್ತಾ ಅರ್ಧ ಗಂಟೆ. ಪ್ಲಾಸ್ಟಿಕ್ ನೀರಿನ ಬಾಟ್ಲು ಮೂರೂ ಅಲ್ಲೇ ಹೋದ್ವು. ಮಾವ ಮಾತ್ರ ತಮ್ ಸ್ಟೀಲ್ ಬಾಟ್ಲು ತೋರ್ಸಿ ಮೀಸೆ ತೀಡಿದ್ರು.

ಘಾಟಿ ಹತ್ತೋಕೆ ಶುರು ಮಾಡಿದ್ದೇ ತಡ ಕಾರಿಗೆ ಜ್ವರ. ಬರ್ಲಿಯಾರ್ ಹತ್ರ ಬಾನೆಟ್‌ನಿಂದ ಹೊಗೆ. ಪಕ್ಕದಲ್ಲಿ ಹಣ್ಣಿನ ಅಂಗಡಿ, ಟೀ ಅಂಗಡಿ, ಕೋತಿಗಳು. ರೇಡಿಯೇಟರ್ ತಣ್ಣಗಾಗ್ಲಿ ಅಂತ ಮುಕ್ಕಾಲು ಗಂಟೆ ಕೂತ್ವಿ, ನನಗಂತೂ ಈ ಟ್ರಿಪ್ಪಿನ ಅತಿ ಒಳ್ಳೆ ಮುಕ್ಕಾಲು ಗಂಟೆ ಅದೇ. ಮಾವ ಟೀ ಗ್ಲಾಸ್ ಹಿಡ್ಕೊಂಡು ಕಬಡ್ಡಿ ಕಥೆ ಶುರು ಮಾಡಿದ್ರು.

ಆಂಕರೇಜ್ ಪಕ್ಕದ ಸೇನಾ ನೆಲೆಯಲ್ಲಿ ಇಳಿದು ಒಂದೆರಡು ದಿನ, ಎರಡೂ ಕಡೆಯವ್ರಿಗೆ ಒಬ್ಬರ ಮುಖ ಒಬ್ರಿಗೆ ಗುರ್ತಾಗ್ಲಿ ಅಂತ ಆಟ ಇಟ್ಟಿದ್ರಂತೆ. ಕಬಡ್ಡಿ, ವಾಲಿಬಾಲ್, ಅವ್ರ ಕಡೆಯ ಫುಟ್‌ಬಾಲ್. ಟೀಮಲ್ಲಿ ನಾವು ಅವ್ರು ಬೆರಕೆ. "ಆ ಚೆಂಡು ಮೊಟ್ಟೆ ಇದ್ದಂಗದೆ, ಹೆಸ್ರು ಫುಟ್‌ಬಾಲ್, ಎತ್ಕೊಂಡು ಓಡದು ಮಾತ್ರ ಕೈಲಿ. ಕೇಳುದ್ರೆ ನಗ್ತರೆ." ಕಬಡ್ಡಿಯಲ್ಲಿ ಆರೂವರೆ ಅಡಿ ಆಳು ಒಬ್ಬ ಕಬಡ್ಡಿ ಕಬಡ್ಡಿ ಅನ್ನೋ ಬದಲು ಉಸಿರು ಬಿಡದಂಗೆ ಏನೋ ಒಂದು ಹಾಡ್ಕೊಂಡ್ ಬಂದ್ನಂತೆ, ಮಾವ ಪಾದ ಹಿಡಿದ್ರೆ ಅವ್ರನ್ನೂ ಸೇರ್ಸಿ ಎಳ್ಕೊಂಡ್ ಹೋಗಿ ಗೆರೆ ಮುಟ್ಟಿದ್ನಂತೆ. "ಪಾಯಿಂಟು ಓದ್ರೆ ಓಯ್ತು, ಅವತ್ತಿಂದ ಅವ್ನೇ ನನ್ ಬಡ್ಡಿ."

"ಬಡ್ಡಿ?"

"ಸಾಲದ ಬಡ್ಡಿ ಅಲ್ಲ ಕನ್ಲಾ. ಜೊತೆಗಾರ. ನಮ್ ಫೌಜಲ್ಲೂ ಬಡ್ಡಿ ಪೇರ್ ಅಂತರೆ, ಇಬ್ಬಿಬ್ಬರು ಜೋಡಿ."

ಚಳಿ ಜಾಗದಲ್ಲಿ ಈ ಬಡ್ಡಿ ಕೆಲಸ ಏನು ಗೊತ್ತಾ, ಮುಖ ನೋಡೋದು. ಹಿಮ ಕಚ್ಚೋದು ಮೊದ್ಲು ಮೂಗಿನ ತುದಿ, ಕಿವಿ, ಕೆನ್ನೆ, ಬೆರಳು. ಆ ಜಾಗ ಬಿಳಿಚ್ಕೊಂಡು ಮೇಣದಂಗೆ ಆಗುತ್ತೆ, ನೋವೇ ಇರಲ್ಲ. ನೋವು ನಿಂತಿದ್ದೇ ಅಪಾಯದ ಗುರುತು. ತನ್ನ ಮೂಗು ತನಗೆ ಕಾಣಲ್ವಲ್ಲ, ಅದಕ್ಕೇ ಇಬ್ರು. ಹತ್ತು ಹದಿನೈದು ನಿಮಿಷಕ್ಕೊಂದ್ಸಲ ಅವನ ಮುಖ ಇವ್ನು ನೋಡ್ಬೇಕು, ಇವ್ನ ಮುಖ ಅವ್ನು. "ಭಾಷೆ ಬ್ಯಾಡ ಅದಕ್ಕೆ. ಅವ್ನು ನನ್ ಮೂಗು ತೋರ್ಸಿ ತಲೆ ಆಡ್ಸುದ್ರೆ ಮುಗೀತು. ನನ್ ಹೆಂಡ್ತಿ ಮದ್ವೆ ದಿನವೂ ನನ್ ಮೂಗ ಅಷ್ಟ್ ಸಲ ನೋಡಿಲ್ಲ."

ಸಂಜೆ ಕೂನೂರು. ಮನೆಯೊಂದರಲ್ಲಿ ರೂಮು, ಅಡುಗೆ ಆ ಮನೆಯವ್ರದ್ದೇ. ಮಾರ್ಕೆಟ್ಟಲ್ಲಿ ವರ್ಕಿ ತಗೊಂಡ್ವಿ, ಪದರ ಪದರದ ಗರಿಗರಿ ಬಿಸ್ಕತ್ತು. ಊಟಿ ವರ್ಕಿಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಬೇಕರಿಯಿಂದ ಬಿಸಿಬಿಸಿ ಬಂದಾಗ್ಲೇ ತಿನ್ಬೇಕು, ಪ್ಯಾಕೆಟ್ ಕಟ್ಸ್ಕೊಂಡ್ ಮನೆಗೆ ತಂದ್ರೆ ಬರೀ ಪುಡಿ. ತರಕಾರಿ ಅಂಗಡಿ ಮುಂದೆ ಒಬ್ಬ ವಿದೇಶಿ, ನಡಿಗೆ ನೋಡಿದ್ರೇ ಮಿಲಿಟರಿ ಅಂತ ಗೊತ್ತಾಗೋ ಥರ, ತಮಿಳಲ್ಲಿ "ಎವ್ವಳವು" (ಎಷ್ಟು) ಅಂತ ಬೀನ್ಸ್ ಚೌಕಾಸಿ ಮಾಡ್ತಿದ್ದ. ಇಲ್ಲೇ ವೆಲ್ಲಿಂಗ್ಟನ್ನಲ್ಲಿರೋ ಸ್ಟಾಫ್ ಕಾಲೇಜಿಗೆ ಸ್ನೇಹಿತ ದೇಶಗಳ ಅಧಿಕಾರಿಗಳು ಓದೋಕೆ ಬರ್ತಾರೆ, 1947ರಲ್ಲಿ ದೇಶ ಭಾಗ ಆದಾಗ ಕ್ವೆಟ್ಟಾದಿಂದ ಇಲ್ಲಿಗೆ ಬಂದ ಕಾಲೇಜು ಅದು. ಜೊತೆಗಿದ್ದ ಹೆಂಗಸು, ಅವನ ಹೆಂಡ್ತಿ ಇರ್ಬೇಕು, ಎರಡು ಮಕ್ಕಳಿಗೆ ಮೂಗಿನ ತನಕ ಮಫ್ಲರ್ ಸುತ್ತಿದ್ರು. ಮಾವ ನೋಡಿ, "ಸರಿಯಾಗ್ ಸುತ್ತವ್ಳೆ" ಅಂದ್ರು.

ದಿನ 3: ವೆಲ್ಲಿಂಗ್ಟನ್, ಒಂದು ಹಟ್ಟಿ, ರಾತ್ರಿ ಊಟಿ

ಬೆಳಗ್ಗೆ ಆರಕ್ಕೆ ಮಾವ ಎಬ್ಬಿಸಿ ನಡೆಸ್ಕೊಂಡ್ ಹೋದ್ರು. ಮಂಜಲ್ಲಿ ಹತ್ತು ಹೆಜ್ಜೆ ಮುಂದೆ ಕಾಣಲ್ಲ. ಎಲ್ಲೋ ಬೂಟಿನ ಸದ್ದು, ಆಮೇಲೆ ಒಟ್ಟಿಗೆ ಕೂಗು, ಆಮೇಲೆ ಮಂಜಿನಿಂದ ಹುಡುಗ್ರ ಸಾಲು ಹೊರಗೆ ಬಂತು, ಓಡ್ತಾ, ಬಾಯಿಂದ ಹಬೆ. ಮದ್ರಾಸ್ ರೆಜಿಮೆಂಟ್ ಸೆಂಟರ್ ಇಲ್ಲೇ ಇರೋದು. ನಮ್ ಸೈನ್ಯದ ಅತಿ ಹಳೇ ಪದಾತಿ ರೆಜಿಮೆಂಟ್ ಇದು, 1750ರ ದಶಕದಿಂದ ಲೆಕ್ಕ. ಇವ್ರ ಯುದ್ಧದ ಕೂಗು "ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು", ಅಡಿ ಅಂದ್ರೆ ತಮಿಳಲ್ಲಿ ಹೊಡಿ, ಆ ಕೊಲ್ಲುಗೆ ಯಾರೂ ನಮಗೆ ಅರ್ಥ ಹೇಳ್ಬೇಕಾಗಿಲ್ಲ. ನಾನು ಫೋನ್ ತೆಗೆದೆ, ಮಾವ ಕೈ ಮೇಲೆ ಒಂದು ಏಟು ಕೊಟ್ರು. ಸೇನೆ ಜಾಗದಲ್ಲಿ ಫೋಟೋ ತೆಗೀಬಾರ್ದು, ನಿಲ್ಲೋದೂ ರೋಡ್ ಈ ಕಡೆ.

ತಾಳವಾಡಿ ಬಿಸಿಲಿಂದ ಹದಿನೆಂಟು ವರ್ಷಕ್ಕೆ ಇಲ್ಲಿಗೆ ಬಂದಾಗ ಮೊದಲ ವಾರ ರಾತ್ರಿ ಕಂಬಳಿ ಒಳಗೆ ಅತ್ತಿದ್ರಂತೆ, ಚಳಿಗಾ ಊರಿನ ನೆನಪಿಗಾ ಅಂತ ಕೇಳಿದೆ, "ಎರಡೂ ಒಂದೇ ಕಡೆ ಕೊರೀತದೆ" ಅಂದ್ರು.

ಅಲ್ಲಿಂದ ವಾರ್ ಮೆಮೋರಿಯಲ್ ಕಡೆ ನಡೀತಾ ಅವ್ರಾಗೇ 2016ರ ಮಾತು ತೆಗೆದ್ರು. ಫೆಬ್ರವರಿ 3, ಸಿಯಾಚಿನ್‌ನ ಸೋನಂ ಪೋಸ್ಟ್, 19,600 ಅಡಿ. ಹಿಮದ ಗೋಡೆ ಕುಸಿದು ಹತ್ತು ಜನ ಅಡಿಗೆ ಸಿಕ್ಕಿಹಾಕ್ಕೊಂಡ್ರು, ಹೆಚ್ಚಿನವ್ರು ಇದೇ ರೆಜಿಮೆಂಟಿನ 19ನೇ ಪಲ್ಟನ್ ಹುಡುಗ್ರು. ಅವ್ರಲ್ಲಿ ಮೂರು ಜನ ಕರ್ನಾಟಕದವ್ರು, ಒಬ್ರು ಹಾಸನ, ಒಬ್ರು ಎಚ್.ಡಿ.ಕೋಟೆ, ಇನ್ನೊಬ್ರು ಕುಂದಗೋಳದ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರು ದಿನ ಆದ್ಮೇಲೆ ಹನುಮಂತಪ್ಪ ಉಸಿರಿರೋ ಹಾಗೇ ಸಿಕ್ರು, ಇಡೀ ಕರ್ನಾಟಕ ದೇವಸ್ಥಾನ ದರ್ಗಾ ಅಂತ ನೋಡ್ದೆ ಹರಕೆ ಹೊತ್ತಿತ್ತು, 11ನೇ ತಾರೀಕು ಹೋಗ್ಬಿಟ್ರು. ನಮ್ಮನೆ ಟಿವಿ ಮುಂದೆ ಅವತ್ತು ಅಮ್ಮ ಅತ್ತಿದ್ದು ನನಗೆ ನೆನಪಿದೆ. ಮಾವ ಆಗ ಬೇರೆ ಕಡೆ ಡ್ಯೂಟಿಯಲ್ಲಿದ್ರು. "ನನ್ ಪಲ್ಟನ್ ಅಲ್ಲ. ಆದ್ರೂ ಅವ್ರು ಉಂಡಿದ್ದು ಇದೇ ಲಂಗರಲ್ಲಿ, ಓಡಿದ್ದು ಇದೇ ರೋಡಲ್ಲಿ." ಆಮೇಲೆ ಕ್ಯಾಂಟೀನ್ ಗೇಟ್ ಬರೋ ತನಕ ಮೂರೂ ಜನ ಸುಮ್ನೆ ನಡೆದ್ವಿ.

ಕ್ಯಾಂಟೀನ್ ಕೆಲಸಕ್ಕೆ ಎರಡು ಗಂಟೆ, ಅದರ ವಿವರ ಬೇಡ. ಕುಕ್ಕರ್ ಒಂದು, ಸೋಪು ಡಜನ್, ಇನ್ನೊಂದು ಐಟಮ್ಮು ಯಾವ್ದು ಅಂತ ನಿಮಗೇ ಗೊತ್ತು.

ಮಧ್ಯಾಹ್ನ ಮಾವನ ಹಳೇ ಸಹೋದ್ಯೋಗಿ ಮನೆಗೆ, ನೀಲಗಿರಿಯ ಬಡಗ ಜನರ ಹಟ್ಟಿ. ಟೀ ತೋಟದ ಮಧ್ಯೆ ಸಾಲು ಮನೆ, ಬಿಳಿ ಮುಂಡು ಹೊದ್ದ ಅಜ್ಜಿ. ಅಜ್ಜಿ ಬಡಗದಲ್ಲಿ ಮಾತಾಡ್ತಾರೆ, ನಾನು ಕನ್ನಡದಲ್ಲಿ, ಹತ್ತಕ್ಕೆ ಏಳು ಮಾತು ಅರ್ಥ ಆಗುತ್ತೆ, ಮಿಕ್ಕ ಮೂರಕ್ಕೆ ಇಬ್ರೂ ನಗೋದು. ನಮ್ ಹಿರೀಕರು ಮೈಸೂರು ಸೀಮೆಯಿಂದ ಬಂದವ್ರು ಅಂತ ಅಜ್ಜಿ ಹೇಳಿದ್ದು ಮಾತ್ರ ಪೂರ್ತಿ ಅರ್ಥ ಆಯ್ತು, ನೆಂಟ್ರ ಮನೆಗೆ ಬಂದಂಗಾಯ್ತು. ಅವರೆಕಾಳಿನ ಸಾರು ಅಲ್ಲೂ ಇತ್ತು, ಉದಕ ಅಂತಾರೆ, ಮೊನ್ನೆ ಅತ್ತೆ ಮಾಡಿದ್ದಕ್ಕಿಂತ ಖಾರ ಕಮ್ಮಿ.

ಆ ಮನೆಯವ್ರೂ ರಿಟೈರ್ಡ್ ಫೌಜಿ, ಮಾತು ಮತ್ತೆ ಚಳಿಗೇ ಬಂತು. ಯಾವ ಚಳಿ ದೊಡ್ಡದು ಅಂತ ಇಬ್ರಿಗೂ ಜಗಳ. ನನಗೆ ತುಂಬಾ ಹಿಡಿಸಿದ್ದು ಇಲ್ಲೇ. ಅಲಾಸ್ಕದ ಆ ನೆಲೆ ಸಮುದ್ರದ ಪಕ್ಕದಲ್ಲೇ ಇದೆ, ಉಸಿರಿಗೇನೂ ತೊಂದ್ರೆ ಇಲ್ಲ, ಅದು ಬಯಲುಸೀಮೆ ಚಳಿ. ಸಿಯಾಚಿನ್ ಎತ್ತರದ ಚಳಿ, ಅಲ್ಲಿ ಮೈ ಕೊರೆಯೋಕೆ ಮೊದ್ಲು ಗಾಳಿಯೇ ಸಾಲಲ್ಲ. ಅಮೆರಿಕದವ್ರು ಹಿಮದ ಬಯಲಲ್ಲಿ ಹತ್ತು ಜನರ ಟೆಂಟು, ಒಲೆ, ಸೀಮೆಎಣ್ಣೆ ಎಲ್ಲ ಒಂದು ಜಾರುಬಂಡಿಗೆ ಹೇರಿ ಜನಾನೇ ಎಳ್ಕೊಂಡ್ ಹೋಗೋದು ತೋರ್ಸಿದ್ರಂತೆ, ನಮ್ಮವ್ರು ಬಂಡೆ ಹತ್ತೋ ಹಗ್ಗದ ಕೆಲಸದಲ್ಲಿ ಅವ್ರಿಗೆ ಕೈ ಹಿಡಿದ್ರಂತೆ. ಮಾರನೇ ವರ್ಷ, 2022ರ ನವೆಂಬರಲ್ಲಿ, ಅವ್ರು ಉತ್ತರಾಖಂಡದ ಔಲಿಗೆ ಬಂದ್ರು, ಎತ್ತರದ ಪಾಠ ಅಲ್ಲಿ. ಗಡಿಯಿಂದ ಸುಮಾರು 100 ಕಿಲೋಮೀಟರ್ ದೂರ ಅಂತ ಚೀನಾ ಆಕ್ಷೇಪ ಮಾಡಿ ಅದೇ ದೊಡ್ಡ ಸುದ್ದಿ ಆಯ್ತು, ಉಸಿರಾಟದ ಪಾಠ ಯಾವ ಚಾನೆಲ್ಲೂ ತೋರ್ಸ್ಲಿಲ್ಲ.

ಎತ್ತರಕ್ಕೆ ಹೋಗೋ ಲೆಕ್ಕಾನೂ ಅಲ್ಲೇ ಕೇಳ್ಕೊಂಡೆ. 9,000ದಿಂದ 12,000 ಅಡಿಗೆ ಆರು ದಿನ, 15,000ದ ತನಕ ಇನ್ನು ನಾಲ್ಕು ದಿನ, ಅದರ ಮೇಲೆ ಮತ್ತೆ ನಾಲ್ಕು. ಮೊದಲೆರಡು ದಿನ ಬರೀ ರೆಸ್ಟು, ಅವಸರ ಮಾಡಿದೋನು ಶ್ವಾಸಕೋಶಕ್ಕೆ ನೀರು ತುಂಬ್ಕೊಂಡು ವಾಪಸ್. ಊಟಿ 7,350 ಅಡಿ, ದೊಡ್ಡಬೆಟ್ಟದ ತುತ್ತತುದಿ 8,650. "ಅಂದ್ರೆ ನಮ್ ಲೆಕ್ಕದಲ್ಲಿ ಊಟಿ ಇನ್ನೂ ಬಯಲು ಕನ" ಅಂತ ಇಬ್ರೂ ಒಟ್ಟಿಗೆ ನಕ್ರು, ನಾನು ಎರಡು ಸ್ವೆಟರ್ ಒಳಗೆ ಕೂತಿದ್ದೆ.

ರಾತ್ರಿ ಊಟಿ ಲಾಡ್ಜು. ಹೀಟರ್ ಕೆಟ್ಟಿದೆ ಅಂತ ರೂಮ್ ಬಾಯ್ ಕಬ್ಬಿಣದ ಬಾಣಲೆಯಲ್ಲಿ ಇದ್ದಲ ಕೆಂಡ ತಂದು ಮಂಚದ ಪಕ್ಕ ಇಟ್ಟ, ಸಾರ್ ಬಾಗ್ಲು ಕಿಟಕಿ ಮುಚ್ಕೊಳ್ಳಿ ಬಿಸಿ ಚೆನ್ನಾಗಿ ನಿಲ್ಲುತ್ತೆ ಅಂದ. ನಾವಿಬ್ರೂ ಕೈ ಕಾಯಿಸ್ತಾ ಖುಷಿಯಾಗಿದ್ವಿ. ಸ್ನಾನ ಮುಗ್ಸಿ ಬಂದ ಮಾವ ನೋಡಿದ್ರು, ಮಾತೇ ಇಲ್ಲ, ಟವೆಲ್ಲಲ್ಲೇ ಬಾಣಲೆ ಹಿಡಿ ಹಿಡಿದು ಕಾರಿಡಾರ್ ದಾಟಿ ಹೊರಗಿಟ್ರು, ಕಿಟಕಿ ಎರಡೂ ತೆಗೆದ್ರು. ಆಮೇಲೆ ಬಂತು ಬೈಗುಳ, ಅದನ್ನ ಇಲ್ಲಿ ಬರೆಯೋಕಾಗಲ್ಲ.

ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆ ಬಂದಂಗಾಗುತ್ತೆ ಅಷ್ಟೇ, ಆ ನಿದ್ದೆಯಿಂದ ಏಳಲ್ಲ. ಬೆಟ್ಟದ ಊರುಗಳಲ್ಲಿ ಚಳಿಗೆ ಅಂತ ರೂಮೊಳಗೆ ಇದ್ದಲು ಇಟ್ಕೊಂಡು ಜನ ಸತ್ತಿರೋದು ಪೇಪರಲ್ಲಿ ಓದಿರ್ತೀವಿ, ಆದ್ರೆ ಕೆಂಡ ಎದುರಿಗಿದ್ದಾಗ ನೆನಪಾಗಲ್ಲ ನೋಡಿ. ಮೇಲೆ ಪೋಸ್ಟಲ್ಲಿ ಬುಖಾರಿ ಅನ್ನೋ ಚಳಿ ಕಾಯಿಸೋ ಒಲೆ ಉರಿಸೋವಾಗ ಗಾಳಿಗೆ ದಾರಿ ಇದೆಯಾ ಅಂತ ನೋಡೋದೇ ಒಂದು ಡ್ಯೂಟಿ ಅಂತೆ. ಅಲಾಸ್ಕದ ಟೆಂಟಲ್ಲೂ ಅದೇ ನಿಯಮ, ಒಲೆ ಉರೀತಿರೋ ತನಕ ಒಬ್ಬ ಎದ್ದಿರ್ಲೇಬೇಕು, ಪಾಳಿ ಮೇಲೆ. "ಅವ್ರು ಇಂಗ್ಲಿಷಲ್ಲಿ ಯೇಳೋಕೆ ಶುರು ಮಾಡುದ್ರು, ನಾವು ಅದ್ನೇ ಹಿಂದಿಲಿ ಮುಗಿಸ್ದೊ." ಆ ರಾತ್ರಿ ಕಂಬಳಿ ಮೂರು ಹೊದ್ದು, ಕಿಟಕಿ ಸಂದು ಬಿಟ್ಟು, ಹಲ್ಲು ಕಡ್ಕೊಂಡು ಮಲಗಿದ್ವಿ. ಬೆಳಗ್ಗೆ ಎದ್ವಿ, ಅದೇ ದೊಡ್ಡದು.

ದಿನ 4: ತಲೈಕುಂದದ ಹಿಮ, ಗೂಡಲೂರು, ವಾಪಸ್

ಜನವರಿಯಲ್ಲಿ ತಲೈಕುಂದ ಕಡೆ ಬೆಳಗಿನ ಜಾವ ಹುಲ್ಲಿನ ಮೇಲೆ ಹಿಮ ಕಟ್ಟುತ್ತೆ, ಅದನ್ನ ನೋಡ್ಬೇಕು ಅಂತ ಐದಕ್ಕೇ ಎದ್ವಿ. ಕಾರು ಏಳ್ಲಿಲ್ಲ. ಕೀ ತಿರುಗಿಸಿದ್ರೆ ಕ್ರೀಂ ಅಂತ ಒಂದ್ಸಲ ನರಳಿ ಸುಮ್ನಾಯ್ತು. ಚಳಿಗೆ ಬ್ಯಾಟ್ರಿ ಶಕ್ತಿ ಇಳಿಯುತ್ತೆ, ಎಂಜಿನ್ ಆಯಿಲ್ ಗಟ್ಟಿಯಾಗುತ್ತೆ. ಲಾಡ್ಜಿನ ಇಳಿಜಾರಲ್ಲಿ ನಾನೂ ಮಾವನೂ ತಳ್ಳಿ ಸೆಕೆಂಡ್ ಗೇರಲ್ಲಿ ಎಬ್ಬಿಸಿದ್ವಿ. ಅಲಾಸ್ಕದಲ್ಲಿ ರಾತ್ರಿ ಎಂಜಿನ್ನಿಗೇ ಕರೆಂಟ್ ಪ್ಲಗ್ ಹಾಕಿ ಬೆಚ್ಚಗಿಡ್ತಾರಂತೆ, ಕಾರ್ ಮುಂದೆ ವೈರ್ ನೇತಾಡ್ತಿರುತ್ತಂತೆ, ದನ ಕಟ್ಟಿದಂಗೆ. ಇನ್ನೊಂದು ಹೇಳಿದ್ರು, ಟಾರ್ಚ್, ರೇಡಿಯೋ ಬ್ಯಾಟ್ರಿ ಎಲ್ಲ ಅಂಗಿ ಒಳಗೆ ಎದೆಗೆ ಒತ್ಕೊಂಡೇ ಇರ್ಬೇಕು ಅಂತ. ನನ್ ಫೋನ್ ರಾತ್ರಿ ಕಿಟಕಿ ಹತ್ರ ಇಟ್ಟಿದ್ದೆ, 60 ಪರ್ಸೆಂಟ್ ಇದ್ದದ್ದು ಹಿಮದ ಫೋಟೋ ತೆಗೆಯೋಕೆ ಹೋದಾಗ ಆಫ್ ಆಯ್ತು. ಹಂಗಾಗಿ ಫೋಟೋ ಇಲ್ಲ, ಮಾತಲ್ಲೇ ನೋಡಿ: ಕಣಿವೆ ತುಂಬ ಹುಲ್ಲಿನ ಮೇಲೆ ಯಾರೋ ರಂಗೋಲಿ ಪುಡಿ ಜರಡಿ ಹಿಡಿದಂಗೆ, ನಿಂತಿದ್ದ ಬೈಕ್ ಸೀಟಿನ ಮೇಲೂ ಅದೇ ಪುಡಿ, ಸೂರ್ಯ ಬಿದ್ದ ಕಡೆಯಿಂದ ಒಂದು ಗೆರೆ ಎಳೆದಂಗೆ ಕರಗ್ತಾ ಬರ್ತಿತ್ತು.

ಇನ್ನೂ ಚೆನ್ನಾಗಿ ಕಾಣ್ಲಿ ಅಂತ ನಾನು ಪಕ್ಕದ ದಿಣ್ಣೆ ಹತ್ತಿದೆ. ಥರ್ಮಲ್, ಸ್ವೆಟರ್, ಜಾಕೆಟ್, ಎಲ್ಲ ಹಾಕ್ಕೊಂಡೇ, ಬೇಗ ಬೇಗ. ಮೇಲೆ ಹೋಗೋ ಹೊತ್ತಿಗೆ ಬೆವರು. ಐದು ನಿಮಿಷ ನಿಂತೆ ನೋಡಿ, ಆ ಬೆವರು ಬೆನ್ನಲ್ಲೇ ಐಸ್ ಆದಂಗಾಗಿ ನಡುಕ ಶುರು, ಹಲ್ಲು ಹಲ್ಲಿಗೆ ಹೊಡೀತಿದೆ, ನಿಲ್ಸೋಕಾಗ್ತಿಲ್ಲ. ಇಳಿಯೋವಾಗ ಮಂಜುಗಡ್ಡೆ ಕಟ್ಟಿದ್ದ ಹೊಂಡಕ್ಕೆ ಕಾಲಿಟ್ಟೆ, ಮೇಲಿನ ಪದರ ಟಪ್ ಅಂತ ಒಡೆದು ಎರಡೂ ಶೂ ಒಳಗೆ ನೀರು.

ಮಾವ ಓಡಿ ಬಂದು ನನ್ನನ್ನ ಎಳೆದ್ರು, ಅವ್ರ ಕಾಲೂ ಅದೇ ಹೊಂಡಕ್ಕೆ ಹೋಯ್ತು. ಟೀ ಅಂಗಡಿ ಬೆಂಚ್ ಮೇಲೆ ಕೂರ್ಸಿ, ಒಳಗಿನ ಒದ್ದೆ ಬನಿಯನ್ ಬಿಚ್ಚಿಸಿ, ಬ್ಯಾಗಿಂದ ಒಣ ಬನಿಯನ್ ಒಂದು, ಉಣ್ಣೆ ಕಾಲ್ಚೀಲ ಒಂದು ಜೊತೆ ತೆಗೆದು ಹಾಕಿಸಿದ್ರು. ಮಗೂಗೆ ಹಾಕ್ದಂಗೆ ಅವ್ರೇ ಹಾಕಿದ್ರು, ನನ್ ಬೆರಳು ಕೆಲಸ ಮಾಡ್ತಿರ್ಲಿಲ್ಲ.

"ಅಮೆರಿಕದವ್ರು ಮೊದಲ ದಿನ ಯೇಳಿದ್ದು ಇದೇ ಕನ. ಹೊರಡಾಗ ಒಂಚೂರು ಚಳಿ ಆಗ್ತಿರ್ಬೇಕು. ಬೆಚ್ಚಗೆ ಹೊರಟೋನು ದಾರೀಲಿ ಬೆವರ್ತನೆ, ಬೆವರಿದೋನು ನಿಂತಾಗ ಸಾಯ್ತನೆ."

"ಅಲ್ಲಿ ಮೈನಸ್ ನಲವತ್ತು ಇತ್ತಲ್ವಾ ಮಾವ, ಇಲ್ಲಿ ಬರೀ ಸೊನ್ನೆ."

"ಯಾವನ್ ಯೇಳ್ದ ನಿಂಗೆ? ಅಕ್ಟೋಬರಲ್ಲಿ ಅಲ್ಲೂ ಸೊನ್ನೆ ಆಚೆ ಈಚೆನೇ. ಆ ಸೊನ್ನೆನೇ ಕಳ್ಳ."

ಇದು ನನಗೆ ಗೊತ್ತೇ ಇರ್ಲಿಲ್ಲ. ಮೈನಸ್ ಮೂವತ್ತಲ್ಲಿ ಹಿಮ ಒಣ ಮರಳಿನ ಥರ, ಕೊಡವಿದ್ರೆ ಉದುರುತ್ತೆ. ಸೊನ್ನೆ ಹತ್ರ ಅದು ಕರಗಿ ನೀರಾಗಿ ಬಟ್ಟೆ ಒಳಗೆ ಹೋಗುತ್ತೆ, ರಾತ್ರಿ ಮತ್ತೆ ಗಟ್ಟಿಯಾಗುತ್ತೆ, ಹಗಲು ಮತ್ತೆ ಕರಗುತ್ತೆ. ಒದ್ದೆ ಬಟ್ಟೆ ಮೈ ಬಿಸಿಯನ್ನ ಒಣ ಬಟ್ಟೆಗಿಂತ ಎಷ್ಟೋ ಬೇಗ ಹೀರುತ್ತೆ. ಅದ್ರಲ್ಲೂ ಹತ್ತಿ ಬಟ್ಟೆ ಒದ್ದೆಯಾದ್ರೆ ಕೈ ಬಿಟ್ಟಂಗೆ, ಉಣ್ಣೆ ಒದ್ದೆಯಾದ್ರೂ ಒಂಚೂರು ಕಾಪಾಡುತ್ತೆ. ಹಂಗಾಗಿ ಊಟಿಗೆ ಹೋಗೋರು ದಪ್ಪ ಜಾಕೆಟ್ ಒಂದರ ಬದಲು ತೆಳ್ಳಗೆ ಮೂರು ಪದರ ಇಟ್ಕೊಳ್ಳಿ, ಹತ್ತೋಕೆ ಮೊದ್ಲು ಒಂದು ಬಿಚ್ಚಿ, ನಿಂತಾಗ ಹಾಕ್ಕೊಳ್ಳಿ. ಇದನ್ನ ನಾನು ಹಲ್ಲು ಕಡಿದು ಕಲ್ತಿದ್ದು. ನೀರಿನ ಬಾಟ್ಲು ತಲೆಕೆಳಗಾಗಿ ಇಡೋದೂ ಕಲ್ತೆ, ಐಸ್ ಮೇಲಿಂದ ಕಟ್ತಾ ಬರೋದ್ರಿಂದ ಬಾಟ್ಲ ಬಾಯಿ ಕೆಳಗಿದ್ರೆ ಮುಚ್ಚಳ ಹೆಪ್ಪುಗಟ್ಟಲ್ಲ ಅಂತ, ಮೈಸೂರಲ್ಲಿ ಇದು ಯಾವ ಕೆಲಸಕ್ಕೆ ಬರುತ್ತೋ ಗೊತ್ತಿಲ್ಲ.

ತಲೈಕುಂದದಿಂದಲೇ ಕಲ್ಲಟ್ಟಿ ಘಾಟ್ ಇಳಿದ್ರೆ ಮಸಿನಗುಡಿ ಹತ್ರ, 36 ತಿರುವು, ಆದ್ರೆ ಹೊರಗಿನ ಗಾಡಿಗಳನ್ನ ಆ ಕಡೆ ಇಳಿಯೋಕೆ ಬಿಡಲ್ಲ, ಬ್ರೇಕ್ ಫೇಲ್ ಆಗಿ ಬಿದ್ದೋರು ಬಹಳ. ಗೂಡಲೂರು ಮೇಲೇ ಬಂದ್ವಿ. ಪೈಕಾರ ದಾಟಿ ಗೂಡಲೂರಲ್ಲಿ ಊಟ, ಕುಸುಬಲಕ್ಕಿ ಅನ್ನ, ಮೀನು ಸಾರು. ಮಾವ ಆವಾಗ ಅಮೆರಿಕದ ಪ್ಯಾಕೆಟ್ ಊಟದ ಮಾತಾಡಿದ್ರು, ಒಂದು ಚೀಲಕ್ಕೆ ಚೂರು ನೀರು ಹುಯ್ದ್ರೆ ಬೆಂಕಿ ಇಲ್ದೆ ತಾನಾಗೇ ಕುದಿಯುತ್ತಂತೆ, ಬಿಸಿ ಇರುತ್ತೆ ರುಚಿ ಇರಲ್ಲ. ಇವ್ರ ಉಪ್ಪಿನಕಾಯಿ ಬಾಟ್ಲು ಆ ಆರೂವರೆ ಅಡಿ ಬಡ್ಡಿ ಮೂರು ದಿನಕ್ಕೆ ಖಾಲಿ ಮಾಡಿದ್ನಂತೆ, ಕಣ್ಣಲ್ಲಿ ನೀರು ಸುರಿಸ್ಕೊಂಡು. 2025ರ ಸೆಪ್ಟೆಂಬರಲ್ಲಿ ಮತ್ತೆ ಮದ್ರಾಸ್ ರೆಜಿಮೆಂಟೇ ಅಲಾಸ್ಕಕ್ಕೆ, ಫೋರ್ಟ್ ವೈನ್‌ರೈಟಿಗೆ ಹೋಗಿತ್ತು. ಮಾವ ಮೊಬೈಲಲ್ಲಿ ಆ ವಿಡಿಯೋ ತೋರ್ಸಿ, "ಸೆಪ್ಟೆಂಬರಲ್ಲಿ ಎಲ್ ಚಳಿ ಅದೆ ಅಲ್ಲಿ, ಪಿಕ್ನಿಕ್ಕು" ಅಂತ ಮೂಗು ಮುರಿದ್ರು. ಹೊಟ್ಟೆಕಿಚ್ಚು ಅಂತ ಗೆಳೆಯ ಕಿವಿಯಲ್ಲಿ ಹೇಳ್ದ.

ಮುದುಮಲೆ, ಬಂಡೀಪುರ ಬೆಳಕಿದ್ದಾಗ ದಾಟಿದ್ವಿ, ಅಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ತನಕ ಗೇಟ್ ಬಂದ್. ಗುಂಡ್ಲುಪೇಟೆ, ಚಾಮರಾಜನಗರ, ಮತ್ತೆ ತಾಳವಾಡಿ. ದಾರಿ ಉದ್ದಕ್ಕೂ ಮಾವ ಹಿಂದೆ ತಿರುಗಿ ತಿರುಗಿ ನನ್ ಮುಖ ನೋಡ್ತಿದ್ರು, ಕಾಲು ಬೆಚ್ಚಗದಾ, ಬೆರಳು ಆಡ್ಸು, ಅಂತ.

ಮನೆ ಮುಂದೆ ಕಾರ್ ನಿಂತಾಗ ಎಂಟು ಗಂಟೆ. ಕುಕ್ಕರ್ ಇಳಿಸ್ದೆ, ಸೋಪಿನ ಡಬ್ಬ ಇಳಿಸ್ದೆ. ಮಾವ ಬಾಗ್ಲಲ್ಲಿ ಶೂ ಬಿಚ್ಚಿ ಒಳಗೆ ಕಾಲಿಟ್ರು. ಅತ್ತೆ ಲೈಟ್ ಹಾಕಿ ನೆಲ ನೋಡಿದ್ರು, ಸಿಮೆಂಟಿನ ಮೇಲೆ ಒದ್ದೆ ಹೆಜ್ಜೆ ಗುರುತು, ನಾಲ್ಕು.

"ಇದೇನಿ, ಕಾಲ್ಚೀಲ ಎಲ್ಲ ನೆಂದೋಗದೆ? ಇನ್ನೊಂದ್ ಜೊತೆ ಇಟ್ಟಿದ್ನಲ್ಲ ಬ್ಯಾಗಲ್ಲಿ?"

ನಾನು ನನ್ ಕಾಲು ನೋಡ್ಕೊಂಡೆ. ಮಾವ ಏನೂ ಮಾತಾಡ್ದೆ ಹೋಗಿ ಜಗುಲಿ ಮೇಲೆ ಕೂತು ಕಾಲು ಮುಂದಕ್ಕೆ ಚಾಚಿದ್ರು, ಅತ್ತೆ ಬೈಕೊಂಡೇ ಬಿಸಿನೀರು ತರೋಕೆ ಒಳಗೆ ಹೋದ್ರು.